25 ರೂಪಾಯಿ ಸೆಲ್ ಇಲ್ದೇ ಬೀಗ ಬಿದ್ದ 6 ಲಕ್ಷದ ಕೋಣಿ

ಸಂಪಾದಕರಿಗೆ ಸೇಡಂ ಕಡಿಯಿಂದ ನಮಸ್ಕಾರ್ರಿ.

ನಾನು ಸೇಡಂನಾಗ ಸಣ್ಣದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡೀನಿ, ಹದಿನಾರು ವರ್ಷ ಆಯ್ತು. ಮಗಳು ನಮ್ಮೂರ ಸರ್ಕಾರಿ ಹೈಸ್ಕೂಲಿನಾಗ ಒಂಬತ್ತನೇತ್ತಾ ಓದ್ಲಾಕತ್ತಾಳ, ಹಂಗಾಗಿ ಸಾಲಿ ಉಸ್ತುವಾರಿ ಸಮಿತಿ, ಅಂದ್ರ ಎಸ್‌ಡಿಎಂಸಿ ಮೆಂಬರ್ ಭೀ ಇದ್ದೀನಿ. ಪತ್ರ ಬರದು ರೂಢಿ ಇಲ್ಲ, ತಪ್ಪಿದ್ರ ತಿದ್ದಿ ಹಾಕ್ರಿ, ಆದ್ರ ವಿಷಯ ಮಾತ್ರ ಬಿಡಬ್ಯಾಡ್ರಿ.

2025ರ ಕೇಂದ್ರ ಬಜೆಟ್‌ನಾಗ ಐದು ವರ್ಷದಾಗ ಸರ್ಕಾರಿ ಸಾಲಿಗಳಿಗೆ ಹುಡುಗ್ರು ತಾವೇ ಸಾಮಾನು ಜೋಡಿಸಿ ಕಲಿಯೋ 50,000 ಅಟಲ್ ಟಿಂಕರಿಂಗ್ ಲ್ಯಾಬ್ ಕೊಡ್ತೀವಿ, ಹಳ್ಳಿ ಕಡಿ ಎಲ್ಲಾ ಸರ್ಕಾರಿ ಹೈಸ್ಕೂಲಿಗೆ ಇಂಟರ್‌ನೆಟ್ಟಿನ ಭಾರತ್‌ನೆಟ್ ಲೈನ್ ಹಾಕ್ತೀವಿ ಅಂತ ಹೇಳ್ಯಾರ. ಓದಿ ಖರೇನೇ ಖುಷಿ ಆಯ್ತು. 2016ರಾಗ ಈ ಲ್ಯಾಬ್ ಸ್ಕೀಮ್ ಸುರು ಆದಾಗಿಂದ ಒಂದು ಸಾಲಿಗೆ 20 ಲಕ್ಷ ಅಂತ ಲೆಕ್ಕ ಇತ್ತು, ಸಾಮಾನಿಗೆ ಒಂದೇ ಸಲಕ್ಕ 10 ಲಕ್ಷ, ಆಮ್ಯಾಲೆ ಐದು ವರ್ಷ ನಡೆಸೋ ಖರ್ಚಿಗೆ ಇನ್ನ 10 ಲಕ್ಷ. ತ್ರೀಡಿ ಪ್ರಿಂಟರು, ಸೆನ್ಸರು, ಪ್ರೋಗ್ರಾಂ ಬರದು ನಡೆಸೋ ಆರ್ಡಿನೋ ಬೋರ್ಡು ಎಲ್ಲಾ ಬರ್ತಾವ. ನಮ್ಮ ಹುಡುಗ್ರು ಅವನ್ನೆಲ್ಲ ಕೈಯಾಗ ಹಿಡೀಬೇಕು ಅನ್ನೋ ಆಸೆ ನನಗಿಂತ ಜಾಸ್ತಿ ಯಾರಿಗರ ಇದ್ದೀತು ಅಂತ ನನಗನಸಂಗಿಲ್ಲ. ಆದ್ರ ಸರ್, ಈಗಾಗ್ಲೆ ಬಂದು ಕುಂತಿದ್ದು ಏನಾಗ್ಯದ ಅಂತ ನಾನು ಕೈಯ್ಯಾರೆ ಬಿಚ್ಚಿ ನೋಡೀನಿ, ಅದಕ್ಕೇ ಈ ಪತ್ರ.

ಹೋದ ಜೂನ್‌ನಾಗ ನಮ್ಮ ಕಡಿದೇ ಒಂದು ಸರ್ಕಾರಿ ಸಾಲಿ ಹೆಡ್‌ಮಾಸ್ತರ ಫೋನ್ ಮಾಡಿ "ತಮ್ಮಾ, ತಪಾಸಣಿ ಬರೋದದ, ಕಂಪ್ಯೂಟರ್ ಕೋಣಿ ಒಂದೀಟು ನೋಡ್ಕೊಂಡು ಹೋಗು, ಎರಡರ ಚಾಲು ಆಗ್ಲಿ" ಅಂದ್ರು. ಹೋದೆ. ಬೀಗ ತೆಗೆದ್ರ ಬಾಗಿಲಾ ಉಬ್ಬಿ ಕಚ್ಕೊಂಡಿತ್ತು, ಇಬ್ಬರು ದೂಡಬೇಕಾಯ್ತು. ಒಳಗ ಹದಿನಾಲ್ಕು ಕಂಪ್ಯೂಟರ್, ಮ್ಯಾಲೆ ಹೊದಿಸಿದ್ದ ಪ್ಲಾಸ್ಟಿಕ್ ಇನ್ನಾ ಹಂಗೇ ಇತ್ತು, ಅದ್ರ ಮ್ಯಾಲೆ ಫರ್ಸಿ ಧೂಳು ಬೆರಳು ಗಾತ್ರ. ಒಂದ್ರ ಕ್ಯಾಬಿನೆಟ್ ಬಿಚ್ಚಿದ್ರ ಇಲಿ ನೋಟ್‌ಬುಕ್ಕಿನ ಹಾಳಿ ತಂದು ಗೂಡು ಕಟ್ಟಿತ್ತು. ಯುಪಿಎಸ್ ಬ್ಯಾಟರಿ ಎಲ್ಲಾ ಉಬ್ಬಿ ನಿಂತಿದ್ವು. ಕ್ಯಾಬಿನೆಟ್ಟಿಗೆ ಕೈ ತಾಗಿಸಿದ್ರ ಜುಮ್ ಅಂತು, ಹೊರಗ ಬಂದು ನೋಡಿದ್ರ ಅರ್ಥಿಂಗ್ ತಂತಿ ಗ್ವಾಡಿ ಮ್ಯಾಲೆ ಜೋತು ಬಿದ್ದದ, ಕೆಳಗ ಗುಂಡಿ ತೋಡೇ ಇಲ್ಲ. ಮೀಟರ್ ಹಚ್ಚಿದ್ರ ವೋಲ್ಟೇಜ್ 170, ಪಂಪ್‌ಸೆಟ್ ಬಂದಾದ ಮ್ಯಾಲೆ ಸಂಜಿಗಿ ನೋಡಿದ್ರ 260. ಇಂಥಾ ಏರಿಳಿಯೋ ಕರೆಂಟಿಗೆ ಸ್ಟೆಬಿಲೈಜರ್ ಇಲ್ಲದೇ ಮಷೀನ್ ಇಟ್ರ ಅದು ಸಾಯದೇ ಮತ್ತೇನು ಮಾಡ್ಬೇಕು ಹೇಳ್ರಿ.

ಆದ್ರ ನನಗ ಸಂಕಟ ಆಗಿದ್ದು ಸತ್ತ ಮಷೀನ್ ನೋಡಿ ಅಲ್ಲ, ಜೀವ ಇದ್ದವು ನೋಡಿ. ನಾಲ್ಕು ಕಂಪ್ಯೂಟರ್ ಚೊಲೋನೇ ಇದ್ವು. ಅವಕ್ಕ ಬಂದಿದ್ದ ರೋಗ ಏನಂದ್ರ ಮದರ್‌ಬೋರ್ಡ್ ಮ್ಯಾಲೆ ಇರೋ ಬಿಲ್ಲಿಯಂಥ ಸಣ್ಣ ಸೆಲ್ ಖಾಲಿ ಆಗಿತ್ತು, ಕೈ ಗಡಿಯಾರದ ಸೆಲ್ ಇದ್ದಂಗ, ನಮ್ಮ ಅಂಗಡ್ಯಾಗ 25 ರೂಪಾಯಿ. ಆ ಸೆಲ್ ಹೋದ್ರ ಕರೆಂಟ್ ಪೂರಾ ಬಂದ್ ಮಾಡಿ ಕಂಪ್ಯೂಟರ್ ಚಾಲು ಮಾಡಿದಾಗೊಮ್ಮೆ ತಾರೀಖು ಹಿಂದಕ್ಕ ಹೋಗ್ತದ, 2009ಕ್ಕೋ 2010ಕ್ಕೋ, ತಾರೀಖು ತಪ್ಪಿದ್ರ ಇಂಟರ್‌ನೆಟ್‌ನಾಗ ಬಹಳಷ್ಟು ವೆಬ್‌ಸೈಟ್ ಓಪನ್ ಆಗಂಗಿಲ್ಲ, ಕನೆಕ್ಷನ್ ಸೇಫ್ ಇಲ್ಲ ಅಂತ ಕೆಂಪಗ ಬರ್ತದ. ಪಾಪ ಮಾಸ್ತರಗೋಳು ನೆಟ್ಟೇ ಸರಿ ಇಲ್ಲ ಅಂತ ತಿಳ್ಕೊಂಡಾರ, ಎರಡು ಸಲ ಅರ್ಜಿ ಕೊಟ್ಟಾರ, ಯಾರೂ ಬಂದಿಲ್ಲ, ಬೀಗ ಹಾಕ್ಯಾರ. ಒಂದು ಸಾಲಿಗೆ ಕಂಪ್ಯೂಟರ್ ಲ್ಯಾಬ್ ಮಾಡ್ಲಾಕ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಸ್ಕೀಮಿನಾಗ ಸಾಮಾನಿಗೆ 6 ಲಕ್ಷ 40 ಸಾವಿರ ಅಂತ ಅದ, ಆ ಲೆಕ್ಕದ ಕೋಣಿ 25 ರೂಪಾಯಿಗೆ ನಿಂತಿತ್ತು.

ಹೆಡ್‌ಮಾಸ್ತರ ಮ್ಯಾಲೆ ನನಗ ಸಿಟ್ಟಿಲ್ಲ. ಅವರ ಕಷ್ಟ ಬ್ಯಾರೇನೇ ಅದ. ಎಲ್ಲಾ ಸಾಮಾನು ಸ್ಟಾಕ್ ರಿಜಿಸ್ಟರ್‌ನಾಗ ಅವರ ಸಹಿ ಮ್ಯಾಲೆ ಕುಂತಿರ್ತಾವ, ಹುಡುಗ್ರ ಕೈಯಾಗ ಕೊಟ್ಟು ಏನರ ಹೋದ್ರ ಆಡಿಟ್‌ನಾಗ ಕೇಳ್ತಾರ, ನಾಳೆ ರಿಟೈರ್ಮೆಂಟ್ ಟೈಮಿಗೆ ಫೈಲ್ ನಿಲ್ತದ ಅಂತ ಅಂಜಿಕಿ. ಬೀಗ ಹಾಕಿಟ್ರ ಮಷೀನ್ ಕೆಟ್ರೂ ಯಾರೂ ಕೇಳಂಗಿಲ್ಲ, ಬಳಸಿ ಕೆಟ್ರ ಕೇಳ್ತಾರ, ಅಂದ್ಮ್ಯಾಲೆ ಅವರ ಜಾಗಾದಾಗ ನಾನಿದ್ರೂ ಬೀಗಾನೇ ಹಾಕ್ತಿದ್ದೆ.

ಇನ್ನ ರೊಕ್ಕದ ಮಾತು. ಅದೇ ಸಮಗ್ರ ಶಿಕ್ಷಣ ಸ್ಕೀಮಿನಾಗ ಸಾಮಾನಿನ ರೊಕ್ಕ ಬಿಟ್ಟು ವರ್ಷಕ್ಕ 2 ಲಕ್ಷ 40 ಸಾವಿರ ನಡೆಸೋ ಖರ್ಚು ಅಂತ ಐದು ವರ್ಷ ಕೊಡ್ತಾರ, ಅಂದ್ರ ತಿಂಗಳಿಗೆ 20 ಸಾವಿರ, ಕಲಿಸೋರ ಪಗಾರ, ಕರೆಂಟು, ಇಂಟರ್‌ನೆಟ್ಟು, ರಿಪೇರಿ ಎಲ್ಲಾ ಅದ್ರಾಗೇ ಮುಗಿಸ್ಬೇಕು. ಸ್ಮಾರ್ಟ್ ಕ್ಲಾಸ್ ಆದ್ರ ಸಾಮಾನಿಗೆ 2 ಲಕ್ಷ 40 ಸಾವಿರ, ವರ್ಷದ ಖರ್ಚಿಗೆ 38 ಸಾವಿರ. ಐದು ವರ್ಷ ಮುಗೀತು, ಆಮ್ಯಾಲೆ? ಯುಪಿಎಸ್ ಬ್ಯಾಟರಿ ನಮ್ಮ ಬಿಸಿಲಿಗೆ ಮೂರು ವರ್ಷ ತಾಳಿದ್ರ ಅದೇ ಪುಣ್ಯ, ಏಪ್ರಿಲ್ ಮೇ ತಿಂಗಳಾಗ ನಮ್ಮ ಕಡಿ ಸರ್ಕಾರಿ ಆಫೀಸೇ ಮುಂಜಾನಿ ಎಂಟಕ್ಕ ತೆಗೆದು ಒಂದೂವರಿಗಿ ಬಂದ್ ಮಾಡ್ತಾರಲ್ರಿ, ಮನುಷ್ಯಾಗೇ ತಡ್ಕೊಳ್ಳಾಕ ಆಗದ ಬಿಸಿಲು ಪತ್ರಾಸ್ ಕೋಣ್ಯಾಗ ಬಂದ್ ಮಾಡಿಟ್ಟ ಬ್ಯಾಟರಿ ಏನು ತಡಿತದ. ಐದು ವರ್ಷ ಆದ್ಮ್ಯಾಲೆ ಸಾಲಿ ಕೈಯಾಗ ಉಳಿಯೋದು ವಾರ್ಷಿಕ ಅನುದಾನ ಒಂದೇ, 100 ದಾಟಿ 250ರ ತನಕ ಹುಡುಗ್ರಿದ್ರ 50 ಸಾವಿರ. ಅದ್ರಾಗೇ ಖಡು, ಸುಣ್ಣ, ನಳ, ಮುರಿದ ಬಾಗಿಲಾ, ಸಂಡಾಸ ಸ್ವಚ್ಛ ಮಾಡೋ ಸಾಮಾನು. ಹದಿನಾಲ್ಕು ಯುಪಿಎಸ್‌ಗೆ ಬ್ಯಾಟರಿ ಹಾಕಿದ್ರ ಒಂದಕ್ಕ 900 ಹಿಡಿದ್ರೂ ಹನ್ನೆರಡೂವರೆ ಸಾವಿರ ಹೋಗ್ತದ, ಯಾವ ಹೆಡ್‌ಮಾಸ್ತರ ನಳ ಬಿಟ್ಟು ಬ್ಯಾಟರಿ ಹಾಕಿಸ್ತಾರ?

ಅವತ್ತು ಇನ್ನೊಂದು ಆಯ್ತು, ಅದು ಹೇಳ್ಲೇಬೇಕು. ಒಂದು ಮಷೀನ್ ಚಾಲು ಮಾಡಿದ್ರ ಸ್ಕ್ರೀನ್ ಬರ್ಲಾರದೇ ಬರೇ ಬೀಪ್ ಬೀಪ್ ಅನ್ನತಿತ್ತು. ರ‍್ಯಾಮ್ ತೆಗೆದೆ, ಅದು ಮಷೀನಿನ ನೆನಪಿನ ಸಣ್ಣ ಪಟ್ಟಿ, ಬಾಗಿಲಾಗ ನಿಂತ ಹುಡುಗ್ರಿಗೆ ಯಾರರ ರಬ್ಬರ್ ಕೊಡ್ರೋ ಅಂದೆ, ಒಬ್ಬ ಕಂಪಾಸ್ ಬಾಕ್ಸಿನಿಂದ ತೆಗೆದು ಕೊಟ್ಟ, ರ‍್ಯಾಮಿನ ಹಳದಿ ಅಂಚು ತಿಕ್ಕಿ ಮತ್ತ ಕೂಡ್ಸಿದೆ, ಚಾಲು ಆಯ್ತು. ಹುಡುಗ್ರೆಲ್ಲ ಹೋ ಅಂದ್ರು. ರಬ್ಬರ್ ಕೊಟ್ಟ ಹುಡುಗ "ಅಣ್ಣಾ ರಬ್ಬರಿಗೆ ಹ್ಯಾಂಗ ಗೊತ್ತಾಯ್ತು" ಅಂತ ಕೇಳ್ದ. ನಾನು ಕುಂತು ಹೇಳ್ದೆ, ಈ ಅಂಚಿನ ಮ್ಯಾಲೆ ಧೂಳು, ಜಿಡ್ಡು ಕುಂತ್ರ ಕರೆಂಟ್ ದಾಟಂಗಿಲ್ಲ, ರಬ್ಬರ್ ಅದನ್ನ ತಿಕ್ಕಿ ತೆಗಿತದ, ಬೀಪ್ ಅನ್ನೋದು ಮಷೀನಿನ ಮಾತು, ಎಷ್ಟು ಸಲ ಅಂತದ ಅನ್ನೋದ್ರ ಮ್ಯಾಲೆ ಎಲ್ಲಿ ನೋವು ಅದ ಅಂತ ತಿಳ್ಕೋಬಹುದು ಅಂತ. ಅರ್ಧ ತಾಸು ಯಾರೂ ಅಲ್ಲಾಡ್ಲಿಲ್ಲ. ವಾಹಕ, ಅವಾಹಕ ಅಂತ ಪುಸ್ತಕದಾಗ ಓದಿದ್ದು ಅವರಿಗೆ ಅವತ್ತು ಬೆರಳಿಗೆ ಸಿಕ್ತು. ಮುಂದಿನ ಶನಿವಾರ ಹನ್ನೊಂದು ಹುಡುಗ್ರು ನಿಂತಿದ್ರು, ಅದ್ರಾಗ ಏಳು ಹೆಣ್ಮಕ್ಕಳು, ಕ್ಯಾಬಿನೆಟ್ ನಾವೇ ಬಿಚ್ತೀವಿ ಅಂತ.

ನಾನು ಸಣ್ಣಾಂವ ಇದ್ದಾಗ ಸಾಲಿಯಿಂದ ಕಲಬುರಗಿ ಜಿಲ್ಲಾ ವಿಜ್ಞಾನ ಕೇಂದ್ರಕ್ಕ ಕರ್ಕೊಂಡು ಹೋಗಿದ್ರು, 1984ರಾಗ ಸುರು ಆಗಿದ್ದು ಅದು, ಈಗ್ಲೂ ಅದ. ಅಲ್ಲಿ ಮುಟ್ಟಬ್ಯಾಡ ಅಂತ ಯಾರೂ ಅನ್ಲಿಲ್ಲ, ಹಿಡಿಕಿ ತಿರುಗಿಸು, ಗುಂಡಿ ಒತ್ತು, ಬಗ್ಗಿ ನೋಡು. ನಾನು ಈ ಕೆಲಸಕ್ಕ ಬಂದಿದ್ದೇ ಅವತ್ತಿನ ಹುಚ್ಚಿನಿಂದ. ಬಸ್ಸಿನಾಗ ವರ್ಷಕ್ಕೊಮ್ಮೆ ಹೋಗಿ ಬರೋ ಆ ಸುಖ ನಮ್ಮೂರ ಹುಡುಗ್ರಿಗೆ ವಾರಕ್ಕ ಎರಡು ಸಲ ಅವರ ಸಾಲ್ಯಾಗೇ ಸಿಗಬೇಕು ಅನ್ನೋದು ಅತಿಯಾಸೆ ಅಲ್ಲ.

ಕೆಲವರು ಅಂತಾರ, ಮೊದಲು ಮಾಸ್ತರಗೋಳ ಹುದ್ದೆ ತುಂಬ್ರಿ, ಸಂಡಾಸ ಕಟ್ರಿ, ಕಂಪ್ಯೂಟರ್ ಆಮ್ಯಾಲೆ ಅಂತ. ಮಾಸ್ತರ ಬೇಕು ಅನ್ನೋದು ಖರೆ, ಗಣಿತಕ್ಕ ಅತಿಥಿ ಶಿಕ್ಷಕರ ಮ್ಯಾಲೇ ನಡೆಯೋ ಸಾಲಿ ನಾನೇ ನೋಡೀನಿ. 2024ರ ಎಸ್ಸೆಸ್ಸೆಲ್ಸಿ ರಿಸಲ್ಟ್‌ನಾಗ ಯಾದಗಿರಿ ಶೇಕಡಾ 50.59ಕ್ಕ ಕಡೀಕ, 2025ರ ಮೊದಲ್ನೇ ಪರೀಕ್ಷೆದಾಗ ನಮ್ಮ ಕಲಬುರಗಿ 42.43ಕ್ಕ ಕಡೀಕ, ಆಗ ದಕ್ಷಿಣ ಕನ್ನಡ 91 ದಾಟಿತ್ತು. ಪೆರು ದೇಶದಾಗ ಸಾಲಿ ಹುಡುಗ್ರಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿದ್ರು, 2012ರಾಗ ಬಂದ ಅಧ್ಯಯನದಾಗ ಗಣಿತದಾಗ ಭಾಷೆದಾಗ ಏನೂ ಸುಧಾರಣೆ ಕಾಣ್ಲಿಲ್ಲ ಅಂತ ಬಂತು. ಮಷೀನ್ ಒಂದೇ ಬಂದ್ರ ಹಂಗೇ ಆಗೋದು. ಆದ್ರ ನಮ್ಮ ಹುಡುಗ್ರು ಎಲ್ಲಾ ಸರಿ ಆಗೋ ತನಕ ಕಾಯ್ಲಿ, ಕಲಬುರಗಿಯಾಗಿನ ದೊಡ್ಡ ಫೀಸಿನ ಸಾಲಿ ಹುಡುಗ್ರು ರೋಬೋಟ್ ಮಾಡ್ಲಿ ಅನ್ನೋದು ನಾನು ಒಪ್ಪಂಗಿಲ್ಲ, ಎರಡೂ ಒಟ್ಟಿಗೇ ಬೇಕು.

ಕೇರಳದಾಗ ಮಾಡ್ಯಾರಲ್ಲ. 2001ರಾಗೇ ಐಟಿ ಅಟ್ ಸ್ಕೂಲ್ ಅಂತ ಸುರು ಮಾಡಿದ್ರು, ಈಗ ಅದು ಕೈಟ್ ಅಂತ ಸಂಸ್ಥೆ ಆಗ್ಯದ. ಸಾಫ್ಟ್‌ವೇರಿಗೆ ಲೈಸೆನ್ಸ್ ರೊಕ್ಕ ಸುರಿಲಿಲ್ಲ, ಫ್ರೀ ಸಾಫ್ಟ್‌ವೇರೇ ಹಾಕಿದ್ರು, ಸಾಲಿ ಮಾಸ್ತರಗೋಳನ್ನೇ ಟ್ರೇನ್ ಮಾಡಿ ಅವರಿಂದಲೇ ಉಳಿದವರಿಗೆ ಕಲಿಸಿದ್ರು, 45,000 ಕ್ಲಾಸ್‌ರೂಮ್ ಹೈಟೆಕ್ ಮಾಡೋ ಕೆಲಸಾನೂ ಆ ಸಂಸ್ಥೆಯಿಂದಲೇ ಆಯ್ತು. 2018ರಾಗ ಲಿಟಲ್ ಕೈಟ್ಸ್ ಅಂತ ಹುಡುಗ್ರದೇ ಕ್ಲಬ್ ಮಾಡಿ ಹಾರ್ಡ್‌ವೇರ್, ಎಲೆಕ್ಟ್ರಾನಿಕ್ಸ್, ಆನಿಮೇಷನ್ ಕಲಿಸ್ಲಾಕತ್ತಾರ. ನಮ್ಮ ಹನ್ನೊಂದು ಹುಡುಗ್ರು ಶನಿವಾರ ಮಾಡೋದು ಅದೇ ಅಲ್ಲೇನ್ರಿ. ನಮ್ಮ ಭಾಷೆದಾಗೂ ಸಾಮಾನು ಅದ, ಕೊಲರಾಡೊ ಯೂನಿವರ್ಸಿಟಿಯವರ ಫೆಟ್ ಸಿಮ್ಯುಲೇಷನ್, ಅಂದ್ರ ಸ್ಕ್ರೀನ್ ಮ್ಯಾಲೇ ಮಾಡಿ ನೋಡೋ ಪ್ರಯೋಗ, ಕೆಲವು ಕನ್ನಡದಾಗೇ ಸಿಗ್ತಾವ, ಗಣಿತ ಕಲಿಯೋ ಜಿಯೋಜೀಬ್ರಾ ಸಾಫ್ಟ್‌ವೇರ್ ಒಂದ್ಸಲ ಹಾಕ್ಕೊಂಡ್ರ ನೆಟ್ ಇಲ್ಲದೇ ನಡಿತದ, ಒಂದು ಪೈಸೆ ಇಲ್ಲ. ಪೆನ್‌ಡ್ರೈವ್‌ನಾಗ ಹಾಕಿ ನಾನೇ ಮೂರು ಸಾಲಿಗೆ ಕೊಟ್ಟೀನಿ.

ರೊಕ್ಕ ಇಲ್ಲ ಅಂತ ಯಾರೂ ಅನ್ನಂಗಿಲ್ಲ. ಸಂವಿಧಾನದಾಗ ನಮ್ಮ ಭಾಗಕ್ಕಂತಲೇ 371ಜೆ ಕಲಮು ಬಂದ ಮ್ಯಾಲೆ ನಮ್ಮ ಭಾಗಕ್ಕ ಬ್ಯಾರೇ ಮಂಡಳಿನೇ ಅದ, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ, ಅಂದ್ರ ಕೆಕೆಆರ್‌ಡಿಬಿ, ಆಫೀಸು ಕಲಬುರಗಿಯಾಗೇ ಅದ, 2023-24ರ ಬಜೆಟ್‌ನಾಗ ಅದಕ್ಕ 5,000 ಕೋಟಿ ಅಂತ ಹೇಳಿದ್ರು, ಶಿಕ್ಷಣಕ್ಕಂತಲೇ ಅಕ್ಷರ ಆವಿಷ್ಕಾರ ಅಂತ ಹೆಸರಿಟ್ಟು ಕಾರ್ಯಕ್ರಮ ಮಾಡ್ಯಾರ. ನಾನು ಕೇಳೋದು ಆ ರೊಕ್ಕದಾಗ ಹೊಸಾ ಸಾಮಾನಿಗೆ ಟೆಂಡರ್ ಕರೆಯೋ ಮುಂಚೆ ಹಳೇದಕ್ಕ ಜೀವ ಕೊಡ್ರಿ ಅಂತ. ತಾಲೂಕಿಗೆ ಇಬ್ಬರು ಡಿಪ್ಲೊಮಾನೋ ಐಟಿಐನೋ ಆದ ಲೋಕಲ್ ಹುಡುಗ್ರನ್ನ ಪಗಾರ ಕೊಟ್ಟು ಇಡ್ರಿ, ಬೈಕ್ ಮ್ಯಾಲೆ ಸಾಲಿ ಸಾಲಿಗೆ ಹೋಗಿ ರಿಪೇರಿ ಮಾಡ್ಲಿ, ಅರ್ಥಿಂಗ್ ಗುಂಡಿ ತೋಡಿಸ್ಲಿ, ಕೈಯಾಗ ಸೆಲ್, ಬ್ಯಾಟರಿ, ಕೀಬೋರ್ಡ್ ಇರ್ಲಿ. ಹೈಸ್ಕೂಲಿಗೆ ಕಂಪ್ಯೂಟರ್ ಕಲಿಸೋರದ್ದು ಪಕ್ಕಾ ಹುದ್ದೆ ಆಗ್ಲಿ, ಐದು ವರ್ಷಕ್ಕ ಮುಗಿಯೋ ಕಾಂಟ್ರ್ಯಾಕ್ಟ್ ಬ್ಯಾಡ, ಆ ಹುಡುಗ ಕಲಿಸೋದು ಕಲಿಯೋದ್ರಾಗ ಅವನ ಕಾಂಟ್ರ್ಯಾಕ್ಟ್ ಮುಗಿತದ. ಹೆಡ್‌ಮಾಸ್ತರಿಗೆ ವರ್ಷಕ್ಕ ಒಂದಿಷ್ಟು ರೊಕ್ಕ ರಿಪೇರಿಗಂತಲೇ ಬ್ಯಾರೇ ಇಡ್ರಿ, ಬಳಸಿ ಕೆಟ್ರ ಅವರ ಮ್ಯಾಲೆ ಬರಂಗಿಲ್ಲ ಅಂತ ಒಂದು ಸುತ್ತೋಲೆ ಹೊರಡಿಸ್ರಿ. ಈ ಸುತ್ತೋಲೆಗೆ ಒಂದು ರೂಪಾಯಿ ಖರ್ಚಿಲ್ಲ, ಆದ್ರ ನನ್ನ ಲೆಕ್ಕದಾಗ ಅರ್ಧಕ್ಕರ್ಧ ಬೀಗ ಅದರಿಂದಲೇ ತೆಗೀತಾವ.

ಆ ಸಾಲ್ಯಾಗ ಈಗ ಆರು ಕಂಪ್ಯೂಟರ್ ನಡಿಲಾಕತ್ತಾವ. ಉಳಿದ ಎಂಟರಾಗ ಐದು ಎದ್ದೇಳ್ತಾವ, ಎರಡು ಹಾರ್ಡ್‌ಡಿಸ್ಕ್, ಮಷೀನಿಗೆ ಕರೆಂಟ್ ಕೊಡೋ ಮೂರು ಎಸ್‌ಎಂಪಿಎಸ್, ಬ್ಯಾಟರಿ, ಅರ್ಥಿಂಗ್ ಎಲ್ಲಾ ಸೇರಿ 31 ಸಾವಿರ ಅಂತ ನಾನು ಬರ್ಕೊಟ್ಟೀನಿ, ನನ್ನ ಮಜೂರಿ ಹಿಡಿದಿಲ್ಲ. ಹುಡುಗ್ರು ಕ್ಯಾಬಿನೆಟ್ ಬಿಚ್ಲಾಕ ಬರಹದ ಪರವಾನಗಿ ಬೇಕು ಅಂದಾರ, ಹೆಡ್‌ಮಾಸ್ತರ ಆಗಸ್ಟ್‌ನಾಗ ಅರ್ಜಿ ಕಳ್ಸ್ಯಾರ. ಅಲ್ಲೀತನ ಶನಿವಾರ ಹುಡುಗ್ರು ನಮ್ಮ ಅಂಗಡಿಗೇ ಬರ್ಲಾಕತ್ತಾರ, ಗುಜರಿಯಿಂದ ತಂದ ಹಳೇ ಮದರ್‌ಬೋರ್ಡ್ ಕೊಟ್ಟು ಕೂಡ್ಸೀನಿ.

ಇತಿ,
ಕಂಪ್ಯೂಟರ್ ರಿಪೇರಿ ಅಂಗಡಿಯವ, ಎಸ್‌ಡಿಎಂಸಿ ಸದಸ್ಯ
ಸೇಡಂ ತಾಲೂಕು, ಕಲಬುರಗಿ ಜಿಲ್ಲೆ