ಎಂಜಿನ್ ಇಳಿಸುವ ಮುಂಚೆ

ತೀರ್ಥರೂಪರಾದ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ತಮ್ಮ ಹೇಳಿದ, ಸಮಾಧಾನವಾಯಿತು. ಜೀಪಿನ ಎಂಜಿನ್ ಮನೆಯಲ್ಲೇ ಬಿಚ್ಚೋಣ ಅಂತ ನೀವಿಬ್ಬರೂ ಹೊರಟಿರೋದನ್ನೂ ಅವನೇ ಹೇಳಿದ್ದು. ಫೋನಿನಲ್ಲಿ ಐದು ನಿಮಿಷಕ್ಕೆ ಮುಗಿಯುವ ಮಾತಲ್ಲ ಇದು. ನನ್ನ ಹಳೇ ಪಿಕಪ್ಪಿಗೆ ಈ ಚಳಿಗಾಲವಿಡೀ ಶೆಡ್ಡಿನಲ್ಲಿ ಕೂತು ಒಂದು ಎಂಜಿನ್ ಕಟ್ಟಿದೆ. ಹೋದ ವಾರ ಅದನ್ನು ಗಾಡಿಗೆ ಕೂರಿಸಿದ್ದಾಯಿತು. ಉಗುರಿನ ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ. ಎಲ್ಲ ನೆನಪಿರುವಾಗಲೇ ಬರೆದುಬಿಡುತ್ತೇನೆ.

ಬರೀ ಹೊಗೆ ನೋಡಿ, ಸದ್ದು ಕೇಳಿ ಎಂಜಿನ್ ಇಳಿಸಬೇಡಿ ಅಪ್ಪ. ಗಾಡಿ ತಿರುವು ದಾಟುವ ಮೊದಲೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುವ ಕಿವಿ ನಿಮ್ಮದು, ನನಗೆ ಗೊತ್ತು. ಆದರೂ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ, ಅಳೆದು ನೋಡಿ. ನನ್ನದು ಪೆಟ್ರೋಲ್ ಗಾಡಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದೆ. ಮೂರು ಸಿಲಿಂಡರಿನಲ್ಲಿ ಹತ್ತಿರ ಹತ್ತಿರ 11 ಬಾರ್, ಇನ್ನೊಂದರಲ್ಲಿ 6. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 9ಕ್ಕೆ ಏರಿತು. ಆಯಿಲ್ ಬಿಟ್ಟಾಗ ಏರಿದರೆ ಪಿಸ್ಟನ್ನಿನ ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸವೆದಿವೆ ಅಂತ. ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಇಳಿದಿದ್ದರೆ ಅನುಮಾನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ. ಹಾಗಿದ್ದರೆ ಹೆಡ್ ಇಳಿಸಿದರೆ ಸಾಕಾದೀತು, ಪೂರ್ತಿ ಎಂಜಿನ್ ಇಳಿಸುವ ಶ್ರಮವೇ ಬೇಡ.

ಜೀಪಿನದು ಡೀಸೆಲ್. ಅದಕ್ಕೆ ಪೆಟ್ರೋಲ್ ಗಾಡಿಯ ಗೇಜ್ ಹಾಕಲೇಬೇಡಿ. ಡೀಸೆಲ್ ಎಂಜಿನ್ನಿನ ಒತ್ತಡ 25-30 ಬಾರ್ ಬರುತ್ತೆ, ಗೇಜ್ ಒಡೆದೀತು. ಇಂಜೆಕ್ಟರ್ ತೂತಿಗೆ ಕೂರುವ ಡೀಸೆಲ್ ಗೇಜನ್ನೇ ತರಿಸಿ. ಚಮಚದಲ್ಲಿ ಆಯಿಲ್ ಬಿಡುವ ಪರೀಕ್ಷೆಯೂ ಅದಕ್ಕೆ ಬೇಡ. ಅಷ್ಟು ಒತ್ತಡಕ್ಕೆ ಆಯಿಲೇ ಹೊತ್ತಿಕೊಳ್ಳಬಹುದು.

ಬೇರೆ ಜಾತಿಯ ಎಂಜಿನ್ ಕೂರಿಸಿದರೆ ಹೇಗೆ ಅಂತ ತಮ್ಮ ಕೇಳಿದ. ನನಗೂ ಆ ಆಸೆ ಇತ್ತು. ಲೆಕ್ಕ ಹಾಕುತ್ತಾ ಹೋದರೆ ಎಂಜಿನ್ ಒಂದೇ ಬದಲಾಗುವುದಿಲ್ಲ. ಮೌಂಟಿಂಗ್ ಹೊಸದಾಗಿ ವೆಲ್ಡ್ ಮಾಡಬೇಕು, ಗೇರ್ ಬಾಕ್ಸಿನ ಬಾಯಿ ಹೊಂದಬೇಕು, ಆಯಿಲ್ ಸಂಪು ಆಕ್ಸಲ್‌ಗೆ ತಗುಲಬಾರದು, ರೇಡಿಯೇಟರ್ ಸಾಲಬೇಕು. ಹೊಸ ಕಾಲದ ಎಂಜಿನ್ನಾದರೆ ವೈರಿಂಗೇ ಒಂದು ಕಾಡು. ಶಕ್ತಿ ಹೆಚ್ಚಾದರೆ ಬ್ರೇಕನ್ನೂ ಹೆಚ್ಚಿಸಬೇಕು. ಅದೇ ಮಾದರಿಯ ಇನ್ನೊಂದು ಎಂಜಿನ್ ಹುಡುಕಿ ತಂದು, ಅದನ್ನು ನಿಧಾನವಾಗಿ ಕಟ್ಟಿ, ಕೊನೆಗೆ ಅದಲು ಬದಲು ಮಾಡೋದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ನಾನು ಮಾಡಿದ್ದೂ ಅದನ್ನೇ. ಕೆಲಸ ತಿಂಗಳುಗಟ್ಟಲೆ ಎಳೆದರೂ ಗಾಡಿ ಮಾತ್ರ ದಿನಾ ಓಡುತ್ತಲೇ ಇತ್ತು. ಎಂಜಿನ್ ನಂಬರ್ ಬದಲಾಗುತ್ತಲ್ಲ, ಗಾಡಿಯ ದಾಖಲೆಯಲ್ಲೂ ಅದನ್ನು ಬದಲಾಯಿಸಿಕೊಳ್ಳಬೇಕು, ಮರೆಯಬೇಡಿ.

ಬಿಚ್ಚುವಾಗ ಒಂದೊಂದು ಜಾಗದ ಬೋಲ್ಟನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಫೋಟೋ ಎಷ್ಟು ತೆಗೆದರೂ ಸಾಲದು. ಕನೆಕ್ಟಿಂಗ್ ರಾಡಿನ ಕ್ಯಾಪು, ಮೇನ್ ಬೇರಿಂಗ್ ಕ್ಯಾಪುಗಳಿಗೆ ನಂಬರ್ ಹೊಡೆಯದೆ ಕಳಚಬೇಡಿ. ಮೇನ್ ಕ್ಯಾಪನ್ನು ಬ್ಲಾಕಿಗೆ, ರಾಡಿನ ಕ್ಯಾಪನ್ನು ಅದರದೇ ರಾಡಿಗೆ ಕೂರಿಸಿಯೇ ತೂತು ಕೊರೆದಿರುತ್ತಾರೆ, ಹಾಗಾಗಿ ಒಂದರ ಕ್ಯಾಪು ಇನ್ನೊಂದಕ್ಕೆ ಆಗುವುದಿಲ್ಲ. ತಿರುಗಿಸಿ ಹಾಕಿದರೂ ಆಗುವುದಿಲ್ಲ. ಪಿಸ್ಟನ್ ಹೊರಗೆ ತಳ್ಳುವ ಮೊದಲು ರಾಡಿನ ಬೋಲ್ಟುಗಳಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಗೀರು ಬೀಳಲ್ಲ.

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಿ ಆಗುವ ಕೆಲಸವಲ್ಲ, ಲೇತಿಗೆ ಕೊಡಲೇಬೇಕು. ನನ್ನ ಬೋರು ಮೇಲ್ಭಾಗದಲ್ಲಿ 0.12 ಮಿ.ಮೀ. ಸವೆದಿತ್ತು. ಮೂಲಕ್ಕಿಂತ 0.50 ಮಿ.ಮೀ. ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ತಂದೆ. ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನು ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಲಿ. ಕ್ರ್ಯಾಂಕ್ 0.25 ಮಿ.ಮೀ. ಗ್ರೈಂಡ್ ಆಗಿ ಅಷ್ಟು ಸಣ್ಣದಾಯಿತು, ಅದೇ ಅಳತೆಯ ಬೇರಿಂಗ್ ಶೆಲ್ (ಕ್ರ್ಯಾಂಕನ್ನು ಹಿಡಿಯುವ ಅರ್ಧ ಬಳೆಗಳು) ಬಂತು.

ಈ ಪತ್ರ ಬರೆಯೋದಕ್ಕೆ ಮುಖ್ಯ ಕಾರಣ ಇನ್ನು ಮುಂದಿನದು. ಶೆಲ್ ಕೂರಿಸಿ, ಕ್ರ್ಯಾಂಕ್ ಇಟ್ಟು, ಐದೂ ಮೇನ್ ಕ್ಯಾಪ್ ಟಾರ್ಕ್ ಮಾಡಿ, ಅಂದರೆ ಹೇಳಿದಷ್ಟೇ ಬಲಕ್ಕೆ ಬಿಗಿದು, ಕೈಯಲ್ಲಿ ತಿರುಗಿಸಿದೆ. ಬೆಣ್ಣೆಯ ಹಾಗೆ ತಿರುಗಿತು. ಎಲ್ಲ ಸರಿಯಿದೆ ಅಂತ ಕೈ ಹೇಳುತ್ತಿತ್ತು. ಪಿಸ್ಟನ್ ಹಾಕಲು ಶುರುಮಾಡೋಣ ಅನ್ನಿಸಿತು. ಆದರೆ ಪ್ಲಾಸ್ಟಿಗೇಜ್ ತಂದಿಟ್ಟುಕೊಂಡಿದ್ದೆ. ಬೇರಿಂಗಿನ ಸಂದು ಅಳೆಯುವ, ಕೂದಲಿನಷ್ಟೇ ತೆಳುವಾದ ಮೇಣದಂಥ ಎಳೆ ಅದು. ಕ್ಯಾಪುಗಳನ್ನು ಮತ್ತೆ ಬಿಚ್ಚಿ, ಆಯಿಲ್ ಒರೆಸಿ, ಕ್ರ್ಯಾಂಕಿನ ಒಂದೊಂದು ಜರ್ನಲ್ (ಬೇರಿಂಗಿನಲ್ಲಿ ಕೂರುವ ಭಾಗ) ಮೇಲೂ ಒಂದೊಂದು ತುಂಡು ಇಟ್ಟು, ಕ್ರ್ಯಾಂಕ್ ಅಲುಗಾಡಿಸದೆ ಪುನಃ ಟಾರ್ಕ್ ಮಾಡಿ ಬಿಚ್ಚಿದೆ. ನಾಲ್ಕು ಕಡೆ ಎಳೆ ಚಪ್ಪಟೆಯಾಗಿ ಪಟ್ಟಿಯ ಹಾಗಾಗಿತ್ತು. ಕವರಿನ ಮೇಲಿನ ಅಳತೆಗೆ ಹಿಡಿದು ನೋಡಿದರೆ 0.04 ಮಿ.ಮೀ. ಸಂದು, ಇರಬೇಕಾದಷ್ಟೇ. ನಡುವಿನ ಬೇರಿಂಗಿನಲ್ಲಿ ಮಾತ್ರ ಎಳೆ ಇಟ್ಟ ಹಾಗೇ ದುಂಡಗೆ ಕೂತಿತ್ತು.

ಎದೆ ಧಸಕ್ ಅಂತು. ಶೆಲ್ ತೆಗೆದು ಬೆನ್ನು ನೋಡಿದೆ. ಉಳಿದವುಗಳ ಮೇಲೆ 0.25 ಅಂತ ಅಚ್ಚಿದ್ದರೆ ಆ ಜೋಡಿಯ ಮೇಲೆ ಸ್ಟ್ಯಾಂಡರ್ಡ್, ಅಂದರೆ ಗ್ರೈಂಡ್ ಆಗದ ಕ್ರ್ಯಾಂಕಿನ ಅಳತೆಯ, ಗುರುತು. ಪೆಟ್ಟಿಗೆಯೊಳಗೇ ಒಂದು ಜೋಡಿ ಬೆರೆತು ಬಂದಿತ್ತು. ಅಕ್ಕಪಕ್ಕದ ಬೇರಿಂಗುಗಳು ಕ್ರ್ಯಾಂಕನ್ನು ಹಿಡಿದಿದ್ದರಿಂದ ತಿರುಗಿಸಿದ ಕೈಗೆ ಏನೂ ಗೊತ್ತಾಗಲಿಲ್ಲ. ಹಾಗೇ ಮುಚ್ಚಿದ್ದರೆ ಆ ಸಂದಿನಿಂದ ಆಯಿಲ್ ಪ್ರೆಷರ್ ಸೋರಿ, ಸ್ವಲ್ಪ ದಿನಕ್ಕೇ ಎಂಜಿನ್ ಕುಟ್ಟಲು ಶುರುಮಾಡುತ್ತಿತ್ತು. ಮೂರು ತಿಂಗಳ ಕೆಲಸ ಮಣ್ಣುಪಾಲಾಗುವುದನ್ನು ಒಂದು ಎಳೆ ಉಳಿಸಿತು. ಅವತ್ತು ಎಷ್ಟೋ ಹೊತ್ತು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ ಅಪ್ಪ.

ಅದಾದ ಮೇಲೆ ಯಾವುದನ್ನೂ ಅಂದಾಜಿನಲ್ಲಿ ಬಿಡಲಿಲ್ಲ. ಪ್ರತಿ ರಿಂಗನ್ನೂ ಅದರದೇ ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ ನೋಡಿದೆ. ಸಂದು ಕಡಿಮೆಯಿದ್ದರೆ ಬಿಸಿಯಲ್ಲಿ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ ಬೋರನ್ನು ಕೆರೆದುಹಾಕುತ್ತವೆ. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿ ಮಾಡಿದೆ.

ಕೂರಿಸುವ ದಿನದ ಎರಡು ಮಾತು ತಮ್ಮನಿಗೆ ಓದಿ ಹೇಳಿ. ಎಂಜಿನ್ ತೂಗುತ್ತಿರುವಾಗ ಕಪ್ಪಿ ಎಷ್ಟೇ ಗಟ್ಟಿಯಿರಲಿ, ಕೆಳಗೆ ಕೈಕಾಲು ಹಾಕಬಾರದು. ಇನ್ನೊಂದು, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೊನೆಯ ಎರಡು ಬೆರಳು ಸಂದು ಉಳಿದರೆ ಬೋಲ್ಟ್ ಹಾಕಿ ಎಳೆಯಬಾರದು, ಕ್ಲಚ್ ಪ್ಲೇಟ್ ಹಾಳಾಗುತ್ತೆ. ನನ್ನದೂ ಅಲ್ಲೇ ನಿಂತುಬಿಟ್ಟಿತ್ತು. ಗೇರ್ ಬಾಕ್ಸಿನ ಕೆಳಗೆ ಜಾಕ್ ಇಟ್ಟು ಒಂದಿಷ್ಟು ಎತ್ತಿದೆ, ಗೇರ್ ಹಾಕಿ ಮುಂದಿನ ಪುಲ್ಲಿಯಿಂದ ಕ್ರ್ಯಾಂಕನ್ನು ಚೂರು ತಿರುಗಿಸಿದೆ. ಟಕ್ ಅಂತ ತಾನಾಗಿ ಒಳಗೆ ಹೋಯಿತು.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಬಿಚ್ಚಿಟ್ಟು, ಆಯಿಲ್ ದೀಪ ಆರುವ ತನಕ ಬರೀ ಸೆಲ್ಫ್‌ನಲ್ಲೇ ತಿರುಗಿಸಿದೆ. ಆಮೇಲೆ ಎರಡನೇ ಸಲಕ್ಕೇ ಹತ್ತಿತು. ಸದ್ದು ರೆಕಾರ್ಡ್ ಮಾಡಿ ತಮ್ಮನ ಫೋನಿಗೆ ಕಳಿಸಿದ್ದೇನೆ. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿ, ಏನನ್ನಿಸಿತು ಅಂತ ಹೇಳಿ. ವಾಲ್ವ್ ತಳ್ಳುವ ಟ್ಯಾಪೆಟ್ ಕಡೆಯಿಂದ ಸಣ್ಣಗೆ ಏನೋ ಕೇಳಿಸುತ್ತೆ ಅಂತ ನನಗೆ ಅನುಮಾನ.

ಜೀಪಿನ ಕಂಪ್ರೆಷನ್ ನೋಡಿದ ಮೇಲೆ ನಾಲ್ಕೂ ಸಿಲಿಂಡರಿನ ಅಂಕಿ ಬರೆದು ಕಳಿಸಿ. ಅಲ್ಲಿಯ ತನಕ ಎಂಜಿನ್ ಇಳಿಸಲು ಸ್ಪ್ಯಾನರ್ ಮುಟ್ಟಬೇಡಿ. ಅಮ್ಮನಿಗೆ ನಮಸ್ಕಾರ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು