ಕುಕ್ಕರಹಳ್ಳಿಗೆ ಒತ್ತು ಕೊಟ್ಟವರಿಗೆ

ಮೊನ್ನೆ ಭಾನುವಾರದ ಫೋಟೊ ನೋಡಿ ತುಂಬಾ ಜನ "ಟೀ ಶರ್ಟ್ ಸೂಪರ್ ಆಗಿದೆ" ಅಂತ ನನಗೆ ಮೆಸೇಜ್ ಹಾಕಿದ್ದೀರಿ. ಖುಷಿಯಾಯಿತು. ಆದರೆ ಆ ಮಾತು ಸಲ್ಲಬೇಕಾದ್ದು ಬೇರೆಯವರಿಗೆ. ಶನಿವಾರ ರಾತ್ರಿ ಏನಾಯಿತು ಅಂತ ಗುಂಪಿನಲ್ಲಿ ಮೂರು ನಾಲ್ಕು ಜನಕ್ಕೆ ಬಿಟ್ಟರೆ ಗೊತ್ತಿಲ್ಲ. ಈಗ ಹೇಳಿಬಿಡುತ್ತೇನೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ನಾವು ಕಸ ಹೆಕ್ಕಲು ಶುರು ಮಾಡಿ ನೂರನೇ ಭಾನುವಾರ ಅದು. ಎಲ್ಲರಿಗೂ ಒಂದೇ ಥರದ ಟೀ ಶರ್ಟ್ ಇರಲಿ ಅಂತ ತೀರ್ಮಾನವಾದ ದಿನ "ನಾನು ನೋಡ್ಕೋತೀನಿ" ಅಂದುಬಿಟ್ಟೆ. ಕಳೆದ ಕೆಲವು ತಿಂಗಳಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು, ಅದನ್ನು ಇಲ್ಲಿ ಬರೆಯಲ್ಲ. ಏನಾದರೊಂದು ಕೆಲಸ ಕೈಯಲ್ಲಿ ಇರಬೇಕಿತ್ತು, ಅಷ್ಟೇ.

ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯ ಚಿತ್ರ ಬರೆದುಕೊಟ್ಟ ಹುಡುಗಿಗೆ, ದುಡ್ಡು ಕೂಡಿಸಿದ ರಾಯರಿಗೆ, ಬಿಳಿ ಬಣ್ಣ ಬೇಡ, ಹಕ್ಕಿ ಬೆದರುತ್ತವೆ, ಕಡುಹಸಿರೇ ಇರಲಿ ಅಂತ ಕೊನೇವರೆಗೂ ಹಟ ಹಿಡಿದ ನಮ್ಮ ಹಕ್ಕಿ ಮೇಷ್ಟ್ರಿಗೆ, ತಿರುಪ್ಪೂರಿನಿಂದ ಬಂದ ಪಾರ್ಸಲ್ಲನ್ನು ಮಳೆಯಲ್ಲಿ ನೆನೆಯದ ಹಾಗೆ ಹೊತ್ತು ತಂದ ಇಬ್ಬರು ಹುಡುಗರಿಗೆ, ಭಾನುವಾರ ಬಿಸಿ ಇಡ್ಲಿ ತಂದವರಿಗೆ, ಎಲ್ಲರಿಗೂ ಥ್ಯಾಂಕ್ಸ್. ನಿಮ್ಮೆಲ್ಲರನ್ನೂ ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮುಂದಿನದು ಓದಿದರೆ ನೀವೂ ಒಪ್ಪುತ್ತೀರಿ.

ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಪ್ರಿಂಟಿಂಗ್ ಮಾಡುವವರು ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಮಾಸ್ಟರ್ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಬೇರೆ ಕಡೆ ಕೇಳಿದಾಗ ಐನೂರು ಪೀಸ್ ಇದ್ದರೆ ಮಾತ್ರ ಅಂದಿದ್ದರು. ಇವರು 120 ಪೀಸ್‌ಗೆ ಒಪ್ಪಿಕೊಂಡರು. ಆಷಾಢದ ಜಿಟಿಜಿಟಿ ಮಳೆ, ಬಣ್ಣ ಒಣಗುವುದಿಲ್ಲ. ಮಾಲು ಬಂದಿದ್ದೂ ತಡ. ಹಾಗಾಗಿ ಶನಿವಾರ ಸಂಜೆ ಪ್ರಿಂಟ್ ಶುರುವಾಯಿತು. ರಾತ್ರಿ ಒಂಬತ್ತಕ್ಕೆ ಹೋದರೆ ಅಷ್ಟು ಹೊತ್ತಿಗೆ 46 ಆಗಿದ್ದವು. ಒಂದನ್ನು ಎತ್ತಿ ನೋಡಿದೆ.

ಹೆಜ್ಜಾರ್ಲೆ ಚೆನ್ನಾಗಿತ್ತು. ಕೆಳಗೆ ದೊಡ್ಡದಾಗಿ "ಕುಕ್‌ಕರಹಳ್‌ಳಿ ಕೆರೆ" ಅಂತಿತ್ತು.

ಒತ್ತಕ್ಷರ ಎರಡೂ ಬಿಚ್ಚಿಕೊಂಡು ಪಕ್ಕಕ್ಕೆ ಬಂದು ಕೂತಿದ್ದವು. ಹಳೇ ಕಂಪ್ಯೂಟರಿನಲ್ಲಿ ಕನ್ನಡದ ಫೈಲ್ ತೆರೆದರೆ ಹೀಗಾಗುತ್ತದೆ, ಡಿಟಿಪಿ ಮಾಡಿದವರಿಗೆಲ್ಲ ಗೊತ್ತು. ಅದಕ್ಕೇ ಮಾಸ್ಟರ್ ಗುರುವಾರವೇ ಸ್ಯಾಂಪಲ್ ಫೋಟೊ ಕಳಿಸಿ "ಅಕ್ಷರ ನೋಡಿ ಹೇಳಿ ಮೇಡಂ" ಅಂತ ಕೇಳಿದ್ದರು. ನಾನು ಬಸ್ಸಿನಲ್ಲಿದ್ದೆ. ದೊಡ್ಡದು ಮಾಡಿ ನೋಡದೆ ಹೆಬ್ಬೆಟ್ಟು ಒತ್ತಿದ್ದೆ. ತಪ್ಪು ಪೂರ್ತಿ ನನ್ನದು. ಹಿಂದೆ ಬೆನ್ನ ಮೇಲೆ ಚಿಕ್ಕದಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರು ಕೆರೆ ಕಟ್ಟಿಸಿದ ವರ್ಷ 1864 ಅಂತ ಹಾಕಿಸಿದ್ದೆವಲ್ಲ, ಅದೊಂದು ಮಾತ್ರ ಸರಿಯಾಗಿತ್ತು. ಅಂಕಿಗೆ ಒತ್ತಿಲ್ಲ ನೋಡಿ.

ಬೆಳಗ್ಗೆ ಏಳಕ್ಕೆ ಎಲ್ಲರೂ ಏರಿ ಮೇಲೆ ಸೇರಬೇಕು. ನಾನು ಅಲ್ಲೇ ಬಣ್ಣದ ಡಬ್ಬಿ ಪಕ್ಕ ಕೂತು ಅತ್ತುಬಿಟ್ಟೆ. ಮಾಸ್ಟರ್ ಟೀ ಶರ್ಟನ್ನು ಕೈಗೆ ತಗೊಂಡು ನಿಧಾನಕ್ಕೆ ಓದಿದರು. "ಕುಕ್ಕರ್ ಕಂಪನಿ ಅಂದ್ಕೋತಾರೆ ಮೇಡಂ, ಇದು ಆಗಲ್ಲ" ಅಂದರು. ಆಮೇಲೆ ಅಂಗಡಿಯ ಶಟರ್ ಅರ್ಧ ಇಳಿಸಿ, ಹೆಂಡತಿಗೆ ಫೋನ್ ಮಾಡಿ ಊಟ ಮತ್ತು ಫ್ಲಾಸ್ಕ್ ತರಲು ಹೇಳಿದರು. ಅಷ್ಟೇ. ಯಾರ ತಪ್ಪು, ದುಡ್ಡು ಯಾರು ಕೊಡ್ತಾರೆ ಅನ್ನೋ ಮಾತೇ ಬರಲಿಲ್ಲ.

ಸರಸ್ವತಿಪುರಂನಲ್ಲಿರುವ ನಮ್ಮಕ್ಕನ ಮಗಳು ಹತ್ತು ಗಂಟೆಗೆ ಹೆಸರನ್ನು ಮತ್ತೆ ಟೈಪ್ ಮಾಡಿ, ಅಕ್ಷರ ಒಡೆಯದ ಹಾಗೆ ಚಿತ್ರವಾಗಿ ಮಾಡಿ, ಮನೆಯ ಪ್ರಿಂಟರಿನಲ್ಲೇ ತೆಗೆದುಕೊಟ್ಟಳು. ಸ್ಕೂಟರಿನಲ್ಲಿ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದೆ. ಮಾಸ್ಟರ್ ಆ ಹಾಳೆಗೆ ಕೊಬ್ಬರಿ ಎಣ್ಣೆ ಸವರಿದರು. ಎಣ್ಣೆ ಹತ್ತಿದರೆ ಹಾಳೆಯಲ್ಲಿ ಬೆಳಕು ಹಾಯುತ್ತದೆ, ಕಪ್ಪು ಅಕ್ಷರದಲ್ಲಿ ಹಾಯುವುದಿಲ್ಲ. ಕತ್ತಲಲ್ಲಿ ಸ್ಕ್ರೀನಿಗೆ, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ, ಕೆಮಿಕಲ್ ಬಳಿದು, ಕೂದಲು ಒಣಗಿಸುವ ಡ್ರೈಯರ್ ಹಿಡಿದು ಒಣಗಿಸಿ, ಹಾಳೆಯನ್ನು ಅದಕ್ಕೆ ಅಂಟಿಸಿ ಟ್ಯೂಬ್‌ಲೈಟ್ ಪೆಟ್ಟಿಗೆಯ ಮೇಲೆ ಇಟ್ಟರು. ಬೆಳಕು ಬಿದ್ದ ಕಡೆ ಕೆಮಿಕಲ್ ಗಟ್ಟಿಯಾಗುತ್ತದೆ. ಅಕ್ಷರದ ನೆರಳಿದ್ದ ಕಡೆ ಮೆತ್ತಗೇ ಉಳಿಯುತ್ತದೆ, ನೀರು ಹಾಕಿದರೆ ತೊಳೆದುಹೋಗುತ್ತದೆ. ಬಣ್ಣ ಬಟ್ಟೆಗೆ ಇಳಿಯುವುದು ಆ ಜಾಗದಿಂದಲೇ.

ಆ ನೀರು ಹಾಕುವ ಕೆಲಸ ನನಗೆ ಕೊಟ್ಟರು. ಬಚ್ಚಲಲ್ಲಿ ಸ್ಕ್ರೀನ್ ಓರೆಯಾಗಿ ನಿಲ್ಲಿಸಿ ಮಗ್ಗಿನಿಂದ ಮೆಲ್ಲಗೆ ಸುರಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ "ಕು" ಬಿಟ್ಟುಕೊಂಡಿತು. ಅದರ ಪಕ್ಕ ಇನ್ನೊಂದು "ಕ", ಅದರ ಕಾಲ ಬುಡದಲ್ಲಿ ಪುಟ್ಟ ಒತ್ತು. ಕೊನೆಗೆ "ಳ್ಳಿ". ಒತ್ತಕ್ಷರ ನೋಡಿ ಅಷ್ಟು ಸಂತೋಷ ಒಂದನೇ ಕ್ಲಾಸಿನಲ್ಲೂ ಆಗಿರಲಿಲ್ಲ.

ಉಳಿದ 74ಕ್ಕೆ ತೊಂದರೆ ಇರಲಿಲ್ಲ. ಹಳೇ ಸ್ಕ್ರೀನಿನಲ್ಲಿ ಹೆಸರಿನ ಜಾಗಕ್ಕೆ ಟೇಪ್ ಹಚ್ಚಿ ಹೆಜ್ಜಾರ್ಲೆ ಒಂದನ್ನೇ ಹೊಡೆದು, ಹೊಸ ಸ್ಕ್ರೀನಿನಲ್ಲಿ ಹೆಸರು ಹೊಡೆಯುವುದು. ಆಗಿಹೋಗಿದ್ದ 46ರದ್ದೇ ಚಿಂತೆ. ಬಟ್ಟೆಗೆ ಹಿಡಿದ ಬಣ್ಣ ಅಳಿಸಲು ಬರಲ್ಲ. ಮಾಸ್ಟರ್ ಖಾಲಿ ಸ್ಕ್ರೀನಿಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಉದ್ದನೆಯ ಒಂದು ಕಿಂಡಿ ಬಿಟ್ಟುಕೊಂಡರು. ತಪ್ಪು ಹೆಸರಿನ ಮೇಲೆ ಅದನ್ನಿಟ್ಟು ದಪ್ಪಗೆ ಹಳದಿ ಪಟ್ಟಿ ಎಳೆದರು. ಅದು ಒಣಗಿದ ಮೇಲೆ ಪಟ್ಟಿಯ ಮೇಲೆ ಹಸಿರಿನಲ್ಲಿ ಸರಿಯಾದ ಹೆಸರು. ಈಗ ಗೊತ್ತಾಯಿತಲ್ಲ, ಕೆಲವರಿಗೆ ಮಾತ್ರ ಹಳದಿ ಪಟ್ಟಿಯ ಟೀ ಶರ್ಟ್ ಯಾಕೆ ಬಂತು ಅಂತ? "ಪಟ್ಟಿ ಇರೋದು ಕಮಿಟಿಯವರಿಗಾ?" ಅಂತ ಕೇಳಿದವರೇ, ಅಲ್ಲ.

ಮಾಸ್ಟರ್ ಸ್ಕ್ವೀಜಿ (ಬಣ್ಣ ತಳ್ಳುವ ರಬ್ಬರ್ ಪಟ್ಟಿ) ಎಳೆಯುತ್ತಿದ್ದರು. ಅವರ ಹೆಂಡತಿ ಟೀ ಶರ್ಟ್ ಹಲಗೆಗೆ ಹಾಕಿ ತೆಗೆಯುತ್ತಿದ್ದರು. ನಾನು ಮೇಲೆ ಬಟರ್ ಪೇಪರ್ ಇಟ್ಟು ಇಸ್ತ್ರಿ ಹಾಕುತ್ತಿದ್ದೆ. ಬಿಸಿ ಕೊಡದಿದ್ದರೆ ಮೊದಲ ಒಗೆತಕ್ಕೇ ಬಣ್ಣ ಎದ್ದುಬರುತ್ತದಂತೆ. ಎರಡು ಗಂಟೆಗೆ ಕರೆಂಟ್ ಹೋಯಿತು.

ಮೊಬೈಲ್ ಬೆಳಕಿನಲ್ಲಿ ಸುಮ್ನೆ ಕೂರುವುದು ಯಾಕೆ ಅಂತ ಮಾಸ್ಟರ್ ಸೈಜ್ ಲೆಕ್ಕ ಹಾಕಲು ಶುರು ಮಾಡಿದರು. "ನೀವು ಹೇಳಿದ ಹೆಸರಿಗಿಂತ ಎಕ್ಸ್‌ಎಲ್ ಒಂದು ಜಾಸ್ತಿ ಇದೆ ಮೇಡಂ. ಯಾರದ್ದು?"

ಹೆಸರಿನ ಪಟ್ಟಿ ತೆಗೆದು ನೋಡಿದೆ. ಮೊದಲ ವರ್ಷದ ಪಟ್ಟಿಯನ್ನೇ ಹಾಗೇ ಎತ್ತಿಕೊಂಡು, ಹೊಸಬರ ಹೆಸರು ಮಾತ್ರ ಸೇರಿಸಿದ್ದೆ. ಮೂರನೇ ಸಾಲಿನಲ್ಲಿ ಅಪ್ಪ ಇದ್ದರು. ಎದೆ 42.

ಹೇಳಲು ಬಾಯಿ ಬರಲಿಲ್ಲ. ಪಟ್ಟಿಯನ್ನೇ ಅವರ ಕಡೆ ತಿರುಗಿಸಿದೆ. ಅಡ್ಡಹೆಸರು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಅವರ ಹೆಂಡತಿ ಫ್ಲಾಸ್ಕಿನಲ್ಲಿ ಉಳಿದಿದ್ದ ಟೀಯನ್ನೆಲ್ಲ ನನ್ನ ಲೋಟಕ್ಕೇ ಬಗ್ಗಿಸಿದರು. ಹೊರಗೆ ಮಳೆ ಶಟರಿನ ಮೇಲೆ ಬೀಳುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಅಷ್ಟು ದಿನ ಅಳದವಳು ನಾನು. ಒಂದೇ ರಾತ್ರಿಯಲ್ಲಿ ಎರಡು ಸಲ, ಅದೂ ಪರಿಚಯವೇ ಇಲ್ಲದವರ ಮುಂದೆ. ನಾಚಿಕೆ ಮಾತ್ರ ಆಗಲಿಲ್ಲ, ಯಾಕೋ.

ಕರೆಂಟ್ ಬಂದಾಗ ಮಾಸ್ಟರ್ ಆ ಎಕ್ಸ್‌ಎಲ್ ಎತ್ತಿ ಬೇರೆ ಇಟ್ಟರು. "ಇದನ್ನ ಕೊನೇಲಿ ಮಾಡ್ತೀನಿ. ಅವಸರದಲ್ಲಿ ಬೇಡ."

ಹಾಗೇ ಮಾಡಿದರು. ಬೆಳಗಿನ ಐದೂವರೆ ಆಗಿತ್ತು. ಸ್ಕ್ರೀನ್ ತೊಳೆದು, ಒರೆಸಿ, ಹಲಗೆಯ ಮೇಲೆ ಟೀ ಶರ್ಟಿನ ಸುಕ್ಕು ಎರಡು ಸಲ ನೀವಿ, ಒಂದೇ ಎಳೆತ. ಆಮೇಲೆ ಇಸ್ತ್ರಿಯನ್ನೂ ನನ್ನ ಕೈಯಿಂದ ತಗೊಂಡು ತಾವೇ ಹಾಕಿದರು.

ಬಿಲ್ ಮಾಡುವಾಗ ರಾತ್ರಿಯ ಕೆಲಸಕ್ಕೆ ಬಿಡಿಗಾಸೂ ಸೇರಿಸಿರಲಿಲ್ಲ. ಜಗಳ ಮಾಡಿ ಹಳದಿ ಬಣ್ಣದ ದುಡ್ಡು ಕೊಟ್ಟು ಬಂದಿದ್ದೇನೆ. ಅದು ನನ್ನ ಕೈಯಿಂದ, ಗುಂಪಿನ ಲೆಕ್ಕದಲ್ಲಿಲ್ಲ, ರಾಯರು ಗಾಬರಿಯಾಗಬೇಡಿ. ಭಾನುವಾರ ಕೆರೆಗೆ ಬನ್ನಿ ಅಂತ ಇಬ್ಬರನ್ನೂ ಕರೆದೆ. ಮಾಸ್ಟರ್ "ನಿದ್ದೆ ಮಾಡ್ತೀನಿ ಮೇಡಂ" ಅಂದರು. ಅದೂ ಸರಿಯೇ.

ಇನ್ನು ಎರಡು ಎಂ ಸೈಜ್, ಒಂದು ಎಲ್ ಉಳಿದಿವೆ. ಬಂದಿಲ್ಲದವರು ಈ ಭಾನುವಾರ ತಗೊಳ್ಳಿ. ಎಕ್ಸ್‌ಎಲ್ ಯಾರೂ ಕೇಳಬೇಡಿ, ಅದು ಮನೆಯಲ್ಲಿದೆ. ಒಗೆಯುವಾಗ ಒಳಮಗ್ಗುಲು ಹೊರಗೆ ಮಾಡಿ ಒಗೆಯಿರಿ, ಪ್ರಿಂಟಿನ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ. ಹಳದಿ ಪಟ್ಟಿ ಬಂದವರು ಬ್ರಷ್ ಹಾಕಿ ತಿಕ್ಕಲೇಬೇಡಿ, ಕೆಳಗಡೆ ಕುಕ್ಕರ್ ಕಂಪನಿ ಇದೆ.