ಹಗ್ಗದಾಚೆಯವರಿಗೂ ಒಂದು ಕಾರ್ಡ್ ಬೇಕು

ಇವರಿಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ,
ಶಿರಸಿ ಶೈಕ್ಷಣಿಕ ಜಿಲ್ಲೆ.

ಮಾನ್ಯರೇ,

ನಮ್ಮ ಕಡೆ ಮಳೆ ಎರಡು ದಿನ ಹೊಳವಾದರೆ ಸಾಕು, ವಲಯ ಮಟ್ಟದ ಕ್ರೀಡಾಕೂಟ ಶುರುವಾಗುತ್ತದೆ. ಕೆಸರು ಆರಿರುವುದಿಲ್ಲ, ಸುಣ್ಣದ ಗೆರೆ ಎಳೆದ ಅರ್ಧ ತಾಸಿಗೆ ಅಳಿಸಿ ಹೋಗಿರುತ್ತದೆ, ಆದರೂ ಆಟ ನಡೆಯುತ್ತದೆ. 31 ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ನಿವೃತ್ತಿಯಾದ ಮೇಲೂ ಕರೆದರೆ ಸೀಟಿ ಹಿಡಿದು ಹೋಗುತ್ತೇನೆ. ಮೈದಾನ, ಭತ್ಯೆ, ಚಾಪೆ ಇವುಗಳ ಬಗ್ಗೆ ಈ ಪತ್ರವಲ್ಲ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅಂಕಣದ ಸುತ್ತ ಕಟ್ಟಿದ ಹಗ್ಗದಾಚೆ ನಿಂತು ದೊಡ್ಡವರು ಆಡುವ ಮಕ್ಕಳ ಮೇಲೆ ಹಾಕುವ ಒತ್ತಡದ ಬಗ್ಗೆ ಇದು.

ಒಂದು ತಾಲೂಕು ಮಟ್ಟದ ಕಬಡ್ಡಿ ಫೈನಲ್. ಊರು ಬೇಡ, ಶಾಲೆಯೂ ಬೇಡ. ನಾನು ಗೆರೆಯ ಅಂಪೈರ್ ಆಗಿ ಮೂಲೆಯಲ್ಲಿ ನಿಂತಿದ್ದೆ. ಕೊನೆಯ ಮೂರು ನಿಮಿಷ, ಅಂತರ ಒಂದೇ ಅಂಕ. ದಾಳಿಗೆ ಹೋಗಬೇಕಾದ ಹುಡುಗ ಹತ್ತನೇ ಕ್ಲಾಸಿನವನು, ಬಿದಿರುಗಳದಂತೆ ಉದ್ದಕ್ಕೆ ಬೆಳೆದಿದ್ದ. ಎಡಮಂಡಿಗೆ ಕರ್ಚೀಫು ಬಿಗಿದುಕೊಂಡಿದ್ದ. ಅದರ ಕೆಳಗೆ ಅಡಿಕೆಯಷ್ಟು ದಪ್ಪದ ಗಂಟು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಅವನು ತನ್ನ ಮಾಸ್ತರರ ಕಡೆ ನೋಡಿ ಕೈಯಲ್ಲೇ ‘ಆಗೂದಿಲ್ಲ’ ಅಂದ. ಅವರು ಬದಲಿ ಆಟಗಾರನನ್ನು ಎಬ್ಬಿಸಿಯೂ ಆಗಿತ್ತು. ಅಷ್ಟರಲ್ಲಿ ಹಗ್ಗದ ಮೇಲೆ ಅರ್ಧ ಬಗ್ಗಿ ಅಪ್ಪ ಕೂಗಿದ: ‘ಎಂತದೂ ಆಗ್ಲಿಲ್ಲ ಸರ್ ಅವಂಗೆ, ಬಿಡಿ. ಏ, ಒಳಗ್ ಹೋಗಾ!’ ಹಿಂದೆ ಟೆಂಪೋ ಮಾಡಿಕೊಂಡು ಬಂದಿದ್ದ ಊರವರು ಹುಡುಗನ ಹೆಸರು ಹಿಡಿದು ಕೂಗಲು ಶುರು ಮಾಡಿದರು. ಹುಡುಗ ಆಮೇಲೆ ಮಾಸ್ತರರ ಮುಖ ನೋಡಲೇ ಇಲ್ಲ. ಒಳಗೆ ಹೋದ. ಬೋನಸ್ ಗೆರೆ ಮುಟ್ಟುವ ಮೊದಲೇ ಕಾಲು ಕುಸಿಯಿತು, ನಾಲ್ಕು ಜನ ಮೇಲೆ ಬಿದ್ದರು.

ಅವನು ಅಳಲಿಲ್ಲ. ವೇದಿಕೆಯ ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದ, ಮತ್ತೆ ತೊಳೆದ. ನಾನು ಅಂಕಪಟ್ಟಿಗೆ ಸಹಿ ಮಾಡಿ ಬರುವವರೆಗೂ ತೊಳೆಯುತ್ತಲೇ ಇದ್ದ. ಅವತ್ತು ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ, ಅವನು ಬೀಳುವ ದೃಶ್ಯ ನಿಧಾನಗತಿಯಲ್ಲಿ, ನಗುವಿನ ಸದ್ದಿನ ಜೊತೆ, ಮೂರು ವಾಟ್ಸಾಪ್ ಗುಂಪುಗಳಿಂದ ನನ್ನ ಫೋನಿಗೆ ಬಂದಿತ್ತು. ಎದುರಾಳಿ ಊರಿನವರಷ್ಟೇ ಅಲ್ಲ, ಅವನ ಊರಿನವರೂ ಹಂಚಿದ್ದರು. ಮುಂದಿನ ವಾರ ಅವನು ಶಾಲೆಗೆ ಬರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮಂಡಿಚಿಪ್ಪಿನ ಕೆಳಗಿನ ಆ ಗಂಟು ನಮಗೆ ಹೊಸತಲ್ಲ. ಹತ್ತರಿಂದ ಹದಿನೈದರ ಆಸುಪಾಸಿನಲ್ಲಿ, ಮೈ ಸರಸರ ಬೆಳೆಯುವಾಗ, ತೊಡೆಯ ಸ್ನಾಯು ಮೊಣಕಾಲಿನ ಕೆಳಗಿನ ಎಲುಬನ್ನು ಜಗ್ಗುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಡಿ, ಜಿಗಿದು ಅದನ್ನೇ ಮತ್ತೆ ಮತ್ತೆ ಜಗ್ಗಿದರೆ ಬಾವು ಬರುತ್ತದೆ. ಇದಕ್ಕೆ ಮುಖ್ಯ ಮದ್ದು ಆಟ ಕಡಿಮೆ ಮಾಡುವುದು, ಮಂಡಿಗೆ ಬಿಡುವು ಕೊಡುವುದು. ಬಿಡುವು ಕೊಟ್ಟರೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಸ್ಪ್ರೇ ಹೊಡೆದು ಒಳಗೆ ಕಳಿಸಿದರೆ ಆ ಹೊತ್ತಿಗೆ ನೋವು ಗೊತ್ತಾಗುವುದಿಲ್ಲ, ಅಷ್ಟೇ.

ಅಪ್ಪಂದಿರನ್ನು ಕೆಟ್ಟವರೆಂದು ನಾನು ಹೇಳಲಾರೆ. ತೋಟದ ಕೂಲಿಗೆ ಹೋಗುವವನಿಗೆ, ಬೋಟಿಗೆ ಹೋಗುವವನಿಗೆ, ಮಗನ ಕೈಯಲ್ಲೊಂದು ಕ್ರೀಡಾ ಸರ್ಟಿಫಿಕೇಟು ಬಂದರೆ ಪೊಲೀಸ್ ಕೆಲಸವೋ ಕೋಟಾದಲ್ಲಿ ಒಂದು ಸೀಟೋ ಸಿಕ್ಕೀತೆಂಬ ಆಸೆ. ಆ ಆಸೆಗೆ ಅರ್ಥವಿದೆ. ಆದರೆ ಲೆಕ್ಕ ಯಾರೂ ಅವರಿಗೆ ಕೂತು ಹೇಳಿಲ್ಲ. ವಲಯ, ತಾಲೂಕು, ಜಿಲ್ಲೆ ದಾಟಬೇಕು. ಆಮೇಲೆ ಬೆಳಗಾವಿ ವಿಭಾಗದಲ್ಲಿ ಧಾರವಾಡ, ಬಾಗಲಕೋಟೆ, ವಿಜಯಪುರದ ಮಕ್ಕಳನ್ನು ಎದುರಿಸಬೇಕು. ಆಮೇಲೆ ರಾಜ್ಯ. ಅಲ್ಲಿಂದ ಮುಂದಕ್ಕೆ ಹೋಗುವ ಕಬಡ್ಡಿ ತಂಡದಲ್ಲಿ ಜಾಗ ಇರುವುದು 12. ಇಡೀ ಜೀವಮಾನವೆಲ್ಲ ಈ ಒಂದು ರೈಡಿನಲ್ಲಿದೆ ಎಂದು ಕೂಗುವವನಿಗೆ ಈ ಲೆಕ್ಕ ತಿಳಿದಿದ್ದರೆ ಸ್ವಲ್ಪವಾದರೂ ದನಿ ತಗ್ಗುತ್ತಿತ್ತೇನೋ.

ನಾನೂ ಸಾಚಾ ಅಲ್ಲ. ಬಹಳ ವರ್ಷಗಳ ಹಿಂದೆ, ಜ್ವರ ಬಿಟ್ಟು ಎರಡೇ ದಿನವಾಗಿದ್ದ ಹುಡುಗಿಯೊಬ್ಬಳನ್ನು 800 ಮೀಟರ್ ಓಟಕ್ಕೆ ನಿಲ್ಲಿಸಿದ್ದೆ. ನಮ್ಮ ಶಾಲೆಗೆ ಸಮಗ್ರ ವೀರಾಗ್ರಣಿ ಬರಲು ಎರಡು ಅಂಕ ಕಡಿಮೆ ಇತ್ತು. ಅವಳು ಎರಡನೆಯವಳಾಗಿ ಬಂದು, ಗೆರೆ ದಾಟಿ ವಾಂತಿ ಮಾಡಿಕೊಂಡಳು. ಶೀಲ್ಡ್ ಬಂತು. ಅದು ಈಗಲೂ ಹೆಡ್ ಮಾಸ್ತರರ ಕೋಣೆಯ ಕಪಾಟಿನಲ್ಲಿದೆ. ಆ ಕೋಣೆಗೆ ಹೋದಾಗಲೆಲ್ಲ ನಾನು ಕಪಾಟಿಗೆ ಬೆನ್ನು ಮಾಡಿ ಕೂರುತ್ತೇನೆ.

ಇನ್ನೊಂದು ಬಗೆಯ ಒತ್ತಡ ನಮ್ಮ ಜಿಲ್ಲೆಗೇ ವಿಶೇಷ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿಗೆಂದು ವಿಶೇಷ ತರಬೇತಿ ಯೋಜನೆ ತಂದಿತ್ತು, ಕೆಲವೇ ವರ್ಷಗಳಲ್ಲಿ ಅದು ನಿಂತೂ ಹೋಯಿತು. ಯೋಜನೆ ಹೋದರೂ ಮಾತು ಉಳಿಯಿತು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹುಡುಗಿ ಓಟದ ಗೆರೆಯಲ್ಲಿ ನಿಂತರೆ ಸುತ್ತಲಿನವರು ‘ಇವಳಿಗೇ ಬಿಡಿ ಮೊದಲನೇದು, ರಕ್ತದಲ್ಲೇ ಇದೆ’ ಎನ್ನುತ್ತಾರೆ. ಹೊಗಳಿಕೆಯೆಂದೇ ಅವರ ನಂಬಿಕೆ. ಅವಳು ಗೆದ್ದರೆ ಅದು ಅವಳ ಬೆವರಲ್ಲ, ರಕ್ತ. ಸೋತರೆ ಮಾತ್ರ ತಪ್ಪು ಅವಳದ್ದು. ನನ್ನ ಹತ್ತಿರ ಒಬ್ಬಳು ಕೇಳಿದ್ದಳು, ‘ಸರ್, ನಾನು ಚಿತ್ರ ಸ್ಪರ್ಧೆಗೆ ಹೆಸರು ಕೊಡ್ಬಹುದಾ?’ ಕೊಡಬಹುದೆಂದು ಹೇಳುವುದಕ್ಕೆ ನನಗೂ ಒಂದು ಗಳಿಗೆ ಬೇಕಾಯಿತು.

ಕರಾವಳಿ ಕಡೆಯ ಹೊನಲು ಬೆಳಕಿನ ಪಂದ್ಯಾವಳಿಗಳ ಕತೆ ಬೇರೆ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಟ್ರೋಫಿಗಳ ಸಾಲು. ಫೈನಲ್ ಮುಗಿಯುವಾಗ ಕೋಳಿ ಕೂಗುತ್ತದೆ. ಪ್ರೌಢಶಾಲೆಯ ಹುಡುಗನನ್ನು ಊರ ತಂಡಕ್ಕೆ ಹಾಕಿಕೊಂಡಿದ್ದರೆ ಮರುದಿನ ಅವನು ಗಣಿತದ ಕ್ಲಾಸಿನಲ್ಲಿ ಬೆಂಚಿಗೆ ತಲೆ ಇಟ್ಟಿರುತ್ತಾನೆ. ಅದು ನಿಮ್ಮ ಕೈಯಲ್ಲಿಲ್ಲ ನಿಜ. ಶಾಲೆಯ ಕೂಟ ನಿಮ್ಮ ಕೈಯಲ್ಲಿದೆ.

ಕಬಡ್ಡಿಯಲ್ಲಿ ರೆಫ್ರಿಯ ಜೇಬಿನಲ್ಲಿ ಮೂರು ಕಾರ್ಡ್ ಇರುತ್ತವೆ. ಹಸಿರು ಎಚ್ಚರಿಕೆಗೆ, ಹಳದಿಯಾದರೆ ಎರಡು ನಿಮಿಷ ಹೊರಗೆ, ಕೆಂಪಾದರೆ ಆಟವೇ ಮುಗಿಯಿತು. ಹದಿನೈದು ವರ್ಷದ ಹುಡುಗ ಬಾಯಿ ಬಿಟ್ಟರೆ ಕಾರ್ಡ್ ತೋರಿಸುತ್ತೇವೆ. ಹಗ್ಗದಾಚೆ ನಿಂತು ಅವನಿಗೆ ಬೈಯುವ ನಲವತ್ತೈದರವನಿಗೆ ಯಾವುದೂ ಇಲ್ಲ. ಈ ಸಲದ ಕ್ರೀಡಾಕೂಟದ ಸುತ್ತೋಲೆಯಲ್ಲಿ ಅದಕ್ಕೊಂದು ಸಾಲು ಸೇರಿಸಿ. ಹೊರಗಿನಿಂದ ಮಗುವಿಗೋ ರೆಫ್ರಿಗೋ ಬೈದರೆ ಆಟ ನಿಲ್ಲಬೇಕು, ಆ ಮನುಷ್ಯ ಗೇಟು ದಾಟಿದ ಮೇಲೆಯೇ ಗಡಿಯಾರ ಮತ್ತೆ ಓಡಬೇಕು. ಮಗು ‘ಆಗೂದಿಲ್ಲ’ ಎಂದರೆ ಕೊನೆಯ ಮಾತು ಅದೇ. ತಂದೆ ತಾಯಿ, ಊರ ಹಿರಿಯರು, ಬಹುಮಾನ ಪ್ರಾಯೋಜಿಸಿದವರು, ಮಾಸ್ತರರು ಯಾರೂ ಅದನ್ನು ತಿದ್ದುವ ಹಾಗಿಲ್ಲ. ತಲೆಗೆ ಪೆಟ್ಟು ಬಿದ್ದ ಮಗು ಅವತ್ತು ಮತ್ತೆ ಅಂಕಣಕ್ಕೆ ಇಳಿಯಕೂಡದು, ಎಷ್ಟೇ ಸರಿ ಇದ್ದೇನೆ ಎಂದರೂ. ಮೊಬೈಲು ಹಿಡಿದವರಿಗೆ, ಸೋತ ಮಕ್ಕಳ ವಿಡಿಯೋ ಹಂಚಬೇಡಿ ಎಂದು ಮೈಕಿನಲ್ಲಿ ಪ್ರತಿ ಪಂದ್ಯಕ್ಕೂ ಮೊದಲು ಹೇಳಿಸಿ. ಕೇಳದವರು ಇರುತ್ತಾರೆ, ಗೊತ್ತು. ಆದರೂ ಒಮ್ಮೆ ಹೇಳಿದ್ದು ಕಿವಿಯಲ್ಲಿ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಹಗ್ಗ ಹಿಂದೆ ಸರಿಯಲಿ. ಈಗ ನಾವು ಅಂಕಣದಿಂದ ಎರಡು ಮಾರು ಬಿಟ್ಟು ಕಟ್ಟುತ್ತೇವೆ, ಅಪ್ಪನ ಉಸಿರು ಮಗನ ಬೆನ್ನಿಗೆ ತಾಗುತ್ತದೆ. ಹತ್ತು ಮಾರು ಮಾಡಿ. ಇದಕ್ಕೆ ಅನುದಾನವೂ ಬೇಡ. ಹಗ್ಗ ಮತ್ತು ಹನ್ನೆರಡು ಕಬ್ಬಿಣದ ಗೂಟ ನನ್ನ ಮನೆಯ ಅಟ್ಟದಲ್ಲಿವೆ. ದಿನ ತಿಳಿಸಿದರೆ ಬೆಳಿಗ್ಗೆ ಏಳಕ್ಕೆ ಬಂದು ನಾನೇ ಹೊಡೆದು ಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ
ಶಿರಸಿ